ಅಲ್ಲಾಡಿಸಿ ನೋಡುವ ಕಾರ್ಡ್

ಮೊದಲೇ ಹೇಳಿಬಿಡುತ್ತೇನೆ, ಆ ಕಾರ್ಡಿಗೆ ಕೈ ಹಚ್ಚುವುದಿಲ್ಲ ಅಂತ ನಾನು ಆಣೆ ಇಟ್ಟಿದ್ದೆ. ಉರಿಯುವ ಒಲೆಯ ಮುಂದೆ ನಿಂತು, ಮಗಳಿಗೂ ಅವಳಪ್ಪನಿಗೂ ಚೆನ್ನಾಗಿ ಕೇಳುವ ಹಾಗೆ ಹೇಳಿದ್ದೆ.

"ನಿಮ್ಮಜ್ಜಿ ಹುಟ್ಟುಹಬ್ಬ, ನಿಮ್ಮಜ್ಜಿ ಕಾರ್ಡು. ನನ್ನ ಮಾತ್ರ ಕರೀಬೇಡ ಸಿಂಚು. ಕರುದ್ರೆ ನೋಡು ಮತ್ತೆ!"

ನನ್ನ ಮಗಳು ಸಿಂಚನ ನಾಲ್ಕನೇ ಕ್ಲಾಸು. 'ನೋಡು ಮತ್ತೆ' ಅಂದರೆ 'ನೋಡೇ ಬಿಡೋಣ' ಅನ್ನುವ ಹುಡುಗಿ. ಈ ಗುಣ ಇವಳಿಗೆ ಎಲ್ಲಿಂದ ಬಂತು ಅಂತ ಕೇಳಿದರೆ ನನ್ನ ಗಂಡ ಮೋಹನ್ ಕುಮಾರ್ ನನ್ನ ಮುಖ ನೋಡಿ ನಗುತ್ತಾರೆ. ಅವರ ನಗುವಿಗಿಷ್ಟು ಬೆಂಕಿ ಹಾಕ.

ನಮ್ಮತ್ತೆ ರಂಗಮ್ಮನವರು ಹುಟ್ಟಿದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದು ಬರೆದುಕೊಂಡಿದ್ದಾರೆ. ಅರಳಗುಪ್ಪೆ ಕಡೆಯ ನಮ್ಮೂರಿನಲ್ಲಿ ತಲೆ ನರೆತವರೆಲ್ಲ ಹುಟ್ಟಿರುವುದು ಜನವರಿ ಒಂದರಂದೇ. ಆಧಾರ್ ಕಾರ್ಡು ನಂಬುವುದಾದರೆ ಆವತ್ತು ನಮ್ಮೂರ ಸೂಲಗಿತ್ತಿಗೆ ಊಟಕ್ಕೂ ಬಿಡುವು ಸಿಕ್ಕಿರಲಿಕ್ಕಿಲ್ಲ. ದೊಡ್ಡವರು ಇದನ್ನು ನಗೆಯಾಡಿ ಬಿಟ್ಟರೆ ಸಿಂಚನ ಬಿಡಬೇಕಲ್ಲ. ಹೊಸ ವರ್ಷ, ಭಾನುವಾರದ ರಜೆ, ಅಜ್ಜಿಯ ಹುಟ್ಟುಹಬ್ಬ, ಎಲ್ಲ ಒಂದೇ ದಿನ ಬಂದಿದ್ದಕ್ಕೆ ಒಂದು ವಾರದಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ನನಗೂ ಅತ್ತೆಗೂ ಮಾತಿರಲಿಲ್ಲ. ಅದೇ ಕಥೆ.

ಶ್ರಾವಣದಲ್ಲಿ ತಿಪಟೂರಿನಿಂದ ಸ್ಕೂಟಿಯಲ್ಲಿ ಬರುತ್ತಿದ್ದೆ. ರಸ್ತೆಗೆ ಅಡ್ಡ ಬಿದ್ದಿದ್ದ ಒಣ ತೆಂಗಿನ ಗರಿ ಕಾಣದೆ ಅದರ ಮೇಲೆ ಹತ್ತಿಸಿ ಉರುಳಿದೆ. ಬಲಗೈ ಮೊಣಕೈಯಿಂದ ಕೆಳಗೆ ಮುರಿಯಿತು. ಆಸ್ಪತ್ರೆಯಲ್ಲಿ ಕೊಯ್ದು ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು. ದಬ್ಬೇಘಟ್ಟದಿಂದ ನಮ್ಮಮ್ಮ, ನಮ್ಮಣ್ಣ ಎದ್ದೂ ಬಿದ್ದೂ ಓಡಿ ಬಂದರು. ಊರವರು ಬಂದರು. ನಮ್ಮ ಮನೆಯಲ್ಲಿ ಹಾಲು ಕೊಳ್ಳುವವರೂ ಬಂದರು. ಒಂದೇ ಸೂರಿನಡಿ ಇರುವ ಅತ್ತೆ ಬರಲಿಲ್ಲ. ಒಂದು ಸಲ, ಒಂದೇ ಒಂದು ಸಲ ಬಾಗಿಲಲ್ಲಿ ಇಣುಕಿ, ಹೇಗಿದ್ದೀಯ ಅನ್ನಲಿಲ್ಲ.

ಅದನ್ನೂ ನುಂಗಿಕೊಂಡೆ. ಮನೆಗೆ ಬಂದ ಮೇಲೆ, ಕತ್ತಿಗೆ ಕೈ ನೇತು ಹಾಕಿಕೊಂಡೇ, ಎಡಗೈಯಲ್ಲಿ ಕಾಯಿ ಚೂರು ಮಾಡಿ ಮಿಕ್ಸಿಗೆ ಹಾಕಿ ಚಟ್ನಿ ಅರೆದೆ. ನನಗೇ ನನ್ನ ಮೇಲೆ ಹೆಮ್ಮೆ. ರೊಟ್ಟಿಯ ಪಕ್ಕ ಒಂದು ಚಮಚ ಚಟ್ನಿ ಹಾಕಿ ಅತ್ತೆಯ ಮುಂದೆ ತಟ್ಟೆ ಇಟ್ಟೆ. ಅವರು ಚಟ್ನಿಯನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು, ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿ, ಬೇರೆ ರೊಟ್ಟಿ ತೆಗೆದುಕೊಂಡು ಮಜ್ಜಿಗೆಯಲ್ಲಿ ಅದ್ದಿ ತಿಂದರು. ಮಾರನೇ ದಿನ ಸಾರನ್ನೂ ಮುಟ್ಟಲಿಲ್ಲ. ಅದರ ಮಾರನೇ ದಿನ ಪಲ್ಯವೂ ಬೇಡವಾಯಿತು. ತಾವೇ ತೊಳಸಿದ ಮುದ್ದೆ, ಉಪ್ಪು, ಮಜ್ಜಿಗೆ, ಅಷ್ಟೇ ಅವರ ಊಟ. ನನಗೆ ಸಿಟ್ಟು ನೆತ್ತಿಗೇರಿತು.

"ಆಸ್ಪತ್ರೆಗೆ ಬರಕ್ಕೆ ಕಾಲಿರ್ಲಿಲ್ಲ, ನಾನು ಮಾಡಿದ್ದನ್ನ ತಳ್ಳಕ್ಕೆ ಮಾತ್ರ ಕೈ ಐತೆ!" ಎಂದುಬಿಟ್ಟೆ.

ಅತ್ತೆ ಎದ್ದು ಕೊಟ್ಟಿಗೆಗೆ ಹೋದರು. ಅಂದಿನಿಂದ ನಮ್ಮ ಮನೆಯಲ್ಲಿ ಅತ್ತೆ ಸೊಸೆಯ ಮಾತು ನಡೆಯುವುದೇನಿದ್ದರೂ ಹಸುವಿನ ಮೂಲಕ. "ಏನೇ ಗೌರಿ, ಕೆಲವ್ರಿಗೆ ಹೊತ್ತು ನೆತ್ತಿಗೇರಿದ್ರೂ ಹಾಲು ಕಾಯ್ಸಬೇಕು ಅಂತ ಗ್ಯಾನ ಇರಲ್ಲ ಕಣೇ" ಎಂದು ಅವರು ಹಸುವಿಗೆ ಹೇಳುತ್ತಾರೆ. ನಾನು ಮಿಕ್ಸಿಗೆ ಹೇಳುತ್ತೇನೆ, "ಹಾಲು ಕಾದು ಕೆನೆ ಕಟ್ಟೈತೆ, ಕಣ್ಣಿದ್ದೋರು ನೋಡ್ಕಳ್ಳಿ." ಮಧ್ಯದಲ್ಲಿ ನನ್ನ ಗಂಡ ತೋಟದಲ್ಲಿ ಏನೋ ಕೆಲಸ ಇದೆ ಎಂದು ಜಾರಿಕೊಳ್ಳುತ್ತಾರೆ.

ದಸರೆಗೆ ಪಟ್ಟಿ ಬಿಚ್ಚಿದರು. ಕೈಗೆ ಕೆಲಸ ಕೊಡಮ್ಮ, ಇಲ್ಲದಿದ್ದರೆ ಅದು ಕೆಲಸವನ್ನೇ ಮರೆಯುತ್ತದೆ ಎಂದು ಡಾಕ್ಟರು ಬೈದೇ ಕಳಿಸಿದರು. ನನಗೆ ಹೆದರಿಕೆ. ಸ್ವಲ್ಪ ತಿರುಗಿಸಿದರೆ ಒಳಗಿನ ಸ್ಕ್ರೂ ಕಿತ್ತು ಬರುತ್ತದೆ ಎಂದೇ ನನ್ನ ಲೆಕ್ಕ. ಹಾಗಾಗಿ ಎಡಗೈಯೇ ಸಂಸಾರ ತೂಗಿಸುತ್ತಿತ್ತು. ಕಾಯಿ ತುರಿಯುವ ಮಣೆ ಮೂಲೆ ಸೇರಿತ್ತು. ಅಟ್ಟದ ಏಣಿಯನ್ನಂತೂ ನಾನು ಶ್ರಾವಣದಿಂದ ಹತ್ತಿರಲೇ ಇಲ್ಲ.

ಜನವರಿ ಒಂದರ ಬೆಳಿಗ್ಗೆ ಅತ್ತೆ ತಂಗಿಯನ್ನು ನೋಡಿಕೊಂಡು ಬರುತ್ತೇನೆಂದು ಹುಳಿಯಾರಿಗೆ ಹೊರಟರು. ಹೊರಡುವ ಮುಂಚೆ ಗೌರಿಯ ಬೆನ್ನು ಸವರಿ, "ಸಾಯಂಕಾಲದ ಬಸ್ಸಿಗೆ ಬತ್ತೀನಿ ಕಣೇ" ಎಂದರು. ಗೌರಿ ತಲೆಯಾಡಿಸಿತು. ನನ್ನ ಗಂಡ ಬೈಕಿನಲ್ಲಿ ಕೂರಿಸಿಕೊಂಡು ಬಸ್ಸಿಗೆ ಬಿಡಲು ಹೋದರು. ಅವರು ತಿರುವು ದಾಟಿದ್ದೇ ತಡ, ಸಿಂಚನ ಅಂಗಳದಲ್ಲಿ ಅಂಗಡಿ ತೆರೆದಳು. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಫೆವಿಕಾಲ್, ಉಪ್ಪುಕಾಗದ, ತೋಟದಲ್ಲಿ ಡ್ರಿಪ್ ಪೈಪು ಕುಯ್ಯುವ ಗರಗಸದ ಬ್ಲೇಡು.

ಬ್ಲೇಡು ಕಂಡು ನಾನು ಅಂಗಳಕ್ಕೆ ಬಂದೆ. "ಅದ್ಯಾಕೇ ಅದು? ಕಾರ್ಡಿಗೆ ಬ್ಲೇಡು ಯಾಕೆ?"

"ನನ್ನ ಕರೀಬೇಡ ಅಂದೆಯಲ್ಲ, ಮತ್ತೆ ಯಾಕೆ ಕೇಳ್ತೀಯ?" ಎಂದಳು. ನೋಡಿ, ಇದು ನನ್ನದೇ ಬಾಯಿ.

ಆದರೂ ಹೇಳದೆ ಇರಲಾರಳು, ಅಷ್ಟು ಹುರುಪು. "ಅಜ್ಜಿಗೆ ಓದಕ್ಕೆ ಬರಲ್ಲ ಅಲ್ವಾ ಅಮ್ಮ? ಹ್ಯಾಪಿ ಬರ್ತ್‌ಡೇ ಅಂತ ಬರದ್ರೆ ಅವ್ರಿಗೇನು ಗೊತ್ತಾಗ್ತದೆ? ಅದಕ್ಕೆ ಓದೋ ಕಾರ್ಡ್ ಬೇಡ. ಅಲ್ಲಾಡ್ಸೋ ಕಾರ್ಡ್!"

ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ನೋಡುವುದು ಕಿವಿಯಿಂದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನಮ್ಮತ್ತೆಗೆ ಅದು ಚಟ. ಸಂತೆಯಲ್ಲಿ ಟೊಮೆಟೊ ಕೊಂಡರೂ ಒಂದು ಸಲ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇ ಚೀಲಕ್ಕೆ ಹಾಕುವುದು. ಸಿಂಚನ ಯೋಚಿಸಿದ್ದು ಇದನ್ನೇ. ಒಂದು ಕಾಯಿಯನ್ನು ಸುತ್ತ ಕುಯ್ದು, ಕೊಬ್ಬರಿ ತೆಗೆದು, ಒಳಗೆ ಮಡಿಕೆ ಮಡಿಕೆಯಾದ ಚಿತ್ರದ ಪಟ್ಟಿ ಅಂಟಿಸಿ, ಮತ್ತೆ ಮುಚ್ಚಿಡುವುದು. ಅಜ್ಜಿ ಅಲ್ಲಾಡಿಸುತ್ತಾರೆ, ಕೊಬ್ಬರಿ ಅಂದುಕೊಳ್ಳುತ್ತಾರೆ, ತೆರೆದರೆ ಕಾರ್ಡು!

ಎಂಥ ತಲೆ ನೋಡಿ! ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು. ಮುಖ ಮಾತ್ರ ಗಂಟು ಹಾಕಿಕೊಂಡೇ ಪಾತ್ರೆ ತೊಳೆಯಲು ಕೂತೆ.

ಸಿಂಚನ ಅಟ್ಟ ಹತ್ತಿ ಇಳಿದಳು, ಹಿತ್ತಲಿಗೆ ಹೋದಳು, ನಲ್ಲಿಯ ಹತ್ತಿರ ಏನೋ ಉಜ್ಜಿದಳು. ಅವಳು ಕಾಯಿ ಹಿಡಿದು ಬಂದಾಗ ನಾನು ಪಾತ್ರೆ ಬಿಟ್ಟು ನೋಡಿದೆ. ಜುಟ್ಟು ಕಿತ್ತು, ಉಪ್ಪುಕಾಗದದಲ್ಲಿ ಉಜ್ಜಿ, ತೊಳೆದು ಒರೆಸಿದ ಕಾಯಿ. ಅಂಥ ಗುಂಡಗಿನ ದೊಡ್ಡ ಕಾಯಿಯನ್ನು ನಾನು ಈ ವರ್ಷ ನೋಡಿರಲಿಲ್ಲ.

ಅವಳು ಬ್ಲೇಡು ಇಟ್ಟು ಎಳೆದಳು. ಓರೆಯಾಯಿತು. ಮತ್ತೆ ಎಳೆದಳು. ಇನ್ನೊಂದು ಕಡೆ ಓರೆಯಾಯಿತು. ಸಹಿಸಬಹುದು, ಎಷ್ಟು ಅಂತ ಸಹಿಸಬಹುದು? ಓರೆ ಕೆಲಸ ನೋಡಿಕೊಂಡು ಸುಮ್ಮನಿರುವುದು ನನ್ನ ಹುಟ್ಟಿನಲ್ಲೇ ಇಲ್ಲ.

"ಅಯ್ಯೋ, ಅದೇನ್ ಕುಯ್ತಿದೀಯೋ ಕುರಿ ಕುಯ್ದಂಗೆ! ಕೊಡು ಇಲ್ಲಿ!"

ಕಿತ್ತುಕೊಂಡೆ. ಕಾಯಿಯನ್ನು ಗೋಣಿಚೀಲದ ಮೇಲಿಟ್ಟು, ಎರಡು ಪಾದಗಳ ನಡುವೆ ಬಿಗಿಯಾಗಿ ಹಿಡಿದು, ನಡುಮಧ್ಯದಲ್ಲಿ ಗೆರೆ ಹಾಕಿ ಎಳೆಯತೊಡಗಿದೆ. ಚಿಪ್ಪು ಕುಯ್ಯಬೇಕು, ಒಳಗಿನ ಕೊಬ್ಬರಿಗೆ ಗೀರು ಬೀಳಬಾರದು. ಕರ್ ಕರ್ ಕರ್. ಪುಡಿ ಹಾರಿ ಸೀರೆಯೆಲ್ಲ ಕಂದುಬಣ್ಣವಾಯಿತು. ಸಿಂಚನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಮ್ಮ!" ಎಂದು ಕೂಗುತ್ತಿದ್ದಳು. ಕಾಯಿಯನ್ನು ಸುತ್ತ ತಿರುಗಿಸಿ ತಿರುಗಿಸಿ ಕುಯ್ದೆ. ಕೊನೆಗೆ ಟಪ್ಪೆಂದು ಎರಡು ಹೋಳಾಯಿತು. ಒಳಗಿಂದ ಉಂಡೆ ಕೊಬ್ಬರಿ ಒಂದು ಗೀರೂ ಇಲ್ಲದೆ ಉರುಳಿಬಂತು. ಇಬ್ಬರೂ ಒಟ್ಟಿಗೇ "ಹೋ!" ಎಂದು ಕೂಗಿದ್ದಕ್ಕೆ ಗೌರಿ ಹಗ್ಗ ಜಗ್ಗಿ ನಮ್ಮ ಕಡೆ ತಿರುಗಿತು.

ಆಮೇಲೆ ನನ್ನನ್ನು ತಡೆಯುವವರು ಯಾರು? ಆಣೆ ಹೋಯಿತು ಗಾಳಿಗೆ. ಶೀಟು ಕತ್ತರಿಸಿದೆವು, ಮಡಿಕೆ ಹಾಕಿದೆವು. ಸಿಂಚನ ಚಿತ್ರ ಬರೆದಳು. ಮೊದಲ ಮಡಿಕೆಯಲ್ಲಿ ಅಜ್ಜಿ, ಕಿವಿಯ ಹತ್ತಿರ ಕಾಯಿ. ಎರಡನೆಯದರಲ್ಲಿ ಗೌರಿ, ಅಜ್ಜಿಗಿಂತ ದಪ್ಪ. ಆಮೇಲೆ ಅವಳಪ್ಪ, ಮೋಟಾರು ಮನೆಯ ಮುಂದೆ. ಆಮೇಲೆ ಅವಳು, ಎರಡು ಜಡೆ.

"ಈ ಕೊನೇದು?" ಎಂದೆ. ಕೊನೆಯ ಮಡಿಕೆ ಖಾಲಿ ಇತ್ತು.

"ಅದು ನಿಂದು. ನಿಂದನ್ನ ನೀನೇ ಮಾಡ್ಬೇಕು."

"ನಂದೇನೂ ಬೇಡ. ಒಂದು ಹೂವು ಬರೆದು ಮುಚ್ಚು."

"ಹಂಗಾದ್ರೆ ಖಾಲಿನೇ ಇರ್ಲಿ ಬುಡು. ಅಜ್ಜಿ ಕೇಳಿದ್ರೆ, ಇದು ಅಮ್ಮ ಅಂತ ಹೇಳ್ತೀನಿ."

ಆ ಮಾತು ಚುರುಕ್ಕೆಂದಿತು. ಆಚೆ ತಿರುಗಿ ಶಬ್ದದ ಕೆಲಸ ಹಿಡಿದೆ.

ಒಳಗೆ ಕೊಬ್ಬರಿಯಂತೆ ಅಲ್ಲಾಡಲು ಏನಾದರೂ ಬೇಕಲ್ಲ. ಹುಣಸೆ ಬೀಜ ಹಾಕಿ ಅಲ್ಲಾಡಿಸಿದೆವು, ಕೂಸಿನ ಗಿಲಕಿಯಾಯಿತು. ಕಲ್ಲು ಹಾಕಿದೆವು, ಅದು ಕಲ್ಲೆಂದೇ ಕೂಗಿ ಹೇಳಿತು. ಕೊನೆಗೆ ತೋಟದಿಂದ ಒಂದು ಒಣಗಿದ ಕುರುಂಬೆ, ಅಂದರೆ ಬಲಿಯದೆ ಉದುರಿದ ಎಳೆಗಾಯಿ ತಂದು, ಬಟ್ಟೆ ಸುತ್ತಿ ಹಾಕಿದರೆ, ಲೊಟ ಲೊಟ! ಥೇಟ್ ಕೊಬ್ಬರಿ! ಸಿಂಚನ ಚಪ್ಪಾಳೆ ತಟ್ಟಿದಳು, ನಾನೂ ತಟ್ಟಿದೆ.

"ಈಗ ಎರಡು ಹೋಳಿಗೂ ಹಿಂದುಗಡೆ ಒಂದು ಬಟ್ಟೆ ಪಟ್ಟಿ ಅಂಟಿಸಿದ್ರೆ ಡಬ್ಬಿ ಥರ ತೆರೆದು ಮುಚ್ಚಬಹುದು. ಗಟ್ಟಿ ಬಟ್ಟೆ ಏನಾದ್ರೂ ತಾ" ಎಂದೆ.

ಸಿಂಚನ ಓಡಿಹೋಗಿ ಒಂದು ಬಟ್ಟೆ ತಂದಳು. "ಇದು ಆಗ್ತದಾ? ಕಾಯಿಗೆ ಸುತ್ತಿತ್ತಲ್ಲ, ಅದೇ ಇದು."

ಅರಿಶಿನದಲ್ಲಿ ಅದ್ದಿ ಒಣಗಿಸಿದ ಬಿಳಿ ಪಂಚೆ ತುಂಡು. ಒಂದು ಮೂಲೆಯಲ್ಲಿ ಇನ್ನೂ ಬಿಚ್ಚದ ಗಂಟು.

ಆ ಬಟ್ಟೆಯನ್ನು ಕಸಿದುಕೊಂಡೆ. "ಸಿಂಚು, ಈ ಕಾಯಿ ಎಲ್ಲಿತ್ತು?"

"ಅಟ್ಟದಲ್ಲಿ. ಮೂಲೇಲಿ ತೊಲೆಗೆ ಕಟ್ಟಿ ನೇತು ಹಾಕಿದ್ರು. ಅಜ್ಜಿ ಬೆಸ್ಟ್ ಕಾಯಿ ಅಂತ ಬೇರೆ ಇಟ್ಟಿದ್ರು ಅನ್ಸುತ್ತೆ."

ಬೆಸ್ಟ್ ಕಾಯಿಯಂತೆ! ಅದು ಮುಡಿಪು. ದೇವರಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಕಾಯಿ. ಹರಕೆ ತೀರುವವರೆಗೆ ಅದನ್ನು ಯಾರೂ ಬಿಚ್ಚಬಾರದು, ನೆಲಕ್ಕೆ ತಾಗಿಸಬಾರದು. ನಾವು ಅದರ ಜುಟ್ಟು ಕಿತ್ತು, ಉಪ್ಪುಕಾಗದದಲ್ಲಿ ಉಜ್ಜಿ, ಪಾದದ ನಡುವೆ ಇಟ್ಟು ಕುಯ್ದಿದ್ದೆವು. ಪಾದದ ನಡುವೆ! ಕೊಬ್ಬರಿ ಎಲ್ಲಿ ಎಂದು ನೋಡಿದರೆ ಉಂಡೆಯ ಒಂದು ಮಗ್ಗುಲು ಹಲ್ಲಿನ ಗುರುತು ಬಿದ್ದು ಖಾಲಿಯಾಗಿತ್ತು. ಚಿತ್ರ ಬರೆಯುತ್ತಾ ಬರೆಯುತ್ತಾ ನನ್ನ ಮಗಳು ದೇವರ ಕೊಬ್ಬರಿ ಕಡಿದು ತಿಂದಿದ್ದಳು.

"ಅಯ್ಯೋ ನಿನ್ನ ಹೊಟ್ಟೆ ಹಾಳಾಗ, ಎಷ್ಟು ತಿಂದ್ಯೇ?"

"ಸ್ವಲ್ಪ... ಸಿಹಿಯಾಗಿತ್ತು" ಎಂದು ಅಳುಮುಖ ಮಾಡಿದಳು.

ಮಾತು ಬಿಟ್ಟ ಅತ್ತೆ, ಅವರ ಮುಡಿಪು, ಕುಯ್ದವಳು ಸೊಸೆ. ಬೇಕೆಂದೇ ಮಾಡಿದಳು ಅನ್ನುವುದಿಲ್ಲವೇ? ನಾನಾಗಿದ್ದರೆ ಅನ್ನುತ್ತಿದ್ದೆ. ಆ ಮೂಲೆಯ ಗಂಟು ಬಿಚ್ಚಿದೆ, ಯಾವ ದೇವರು, ಯಾಕೆ ಕಟ್ಟಿದ್ದು ಎಂಬ ಗುರುತಾದರೂ ಸಿಕ್ಕೀತು ಎಂದು. ಒಳಗೆ ಕಾಣಿಕೆಯ ರೂಪಾಯಿ ಇತ್ತು. ಜೊತೆಗೆ ಮೂರು ಗಾಜಿನ ಚೂರು. ನವಿಲುಬಣ್ಣ, ಮೇಲೆ ಬೆಳ್ಳಿ ಚುಕ್ಕಿ.

ಬಳೆ ಚೂರು. ನನ್ನ ಬಳೆ. ಶ್ರಾವಣದಲ್ಲಿ ದಬ್ಬೇಘಟ್ಟಕ್ಕೆ ಹೋದಾಗ ಅಣ್ಣ ತೊಡಿಸಿ ಕಳಿಸಿದ್ದು. ಸ್ಕೂಟಿಯಿಂದ ಬಿದ್ದ ದಿನ ಬಲಗೈಯಲ್ಲಿದ್ದವೆಲ್ಲ ಪುಡಿಯಾಗಿದ್ದವು. ಆ ಚೂರುಗಳು ಇಲ್ಲಿಗೆ ಹೇಗೆ ಬಂದವು?

ನಾನು ಸಿಂಚನಳ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಓಡಿದೆ. ಪಕ್ಕದ ಮನೆಯ ಚಿಕ್ಕಗೌರಮ್ಮ ನಮ್ಮತ್ತೆಯ ಜೊತೆಯವರು. ಕೊಲ್ಲಾಪುರದಮ್ಮನ ಗುಡಿಗೆ ಇಬ್ಬರೂ ಒಟ್ಟಿಗೇ ಹೋಗುವುದು. ಜಗುಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದವರ ಮುಂದೆ ಬಟ್ಟೆ ಹರವಿ, ಎಲ್ಲ ಒಂದೇ ಉಸಿರಿಗೆ ಹೇಳಿದೆ.

ಚಿಕ್ಕಗೌರಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಕುಯ್ದೇ ಬುಟ್ರಾ? ಅಯ್ಯೋ ನಮ್ಮವ್ವ!"

"ಏನ್ ಮಾಡ್ಲಿ ದೊಡ್ಡಮ್ಮ? ಯಾವ ಹರಕೆ ಇದು?"

"ಹೇಳ್ಬಾರ್ದು. ಹೇಳಿದ್ರೆ ಹರಕೆ ಫಲ ಕೊಡಲ್ಲ. ನಿಮ್ಮತ್ತೆ ನನ್ನ ಕೈಲಿ ಆಣೆ ಹಾಕ್ಸಿದ್ಳು" ಎಂದರು. ಆಮೇಲೆ ನನ್ನ ಮುಖ ನೋಡಿದರು, ಬಟ್ಟೆ ನೋಡಿದರು. "ಕುಯ್ದಾದ್ಮೇಲೆ ಇನ್ನೇನು ಗುಟ್ಟು ಬುಡವ್ವ. ನೀನು ಬಿದ್ಯಲ್ಲ, ಅವತ್ತು ಸುದ್ದಿ ಕೇಳ್ದೇಟ್ಗೆ ರಸ್ತೆಗೆ ಓಡಿದ್ಳು. ಅಷ್ಟೊತ್ಗೆ ನಿನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಿದ್ರು. ರಸ್ತೇಲಿ ಕೂತ್ಕಂಡು ಈ ಚೂರು ಆರಿಸ್ಕಂಡ್ಳು. ಮೈ ಮೇಲೆ ನೀರು ಹುಯ್ಕಂಡು ಒದ್ದೆ ಸೀರೇಲೆ ಕೊಲ್ಲಾಪುರದಮ್ಮನ ಗುಡಿಗೆ ಹೋದ್ಳು. ನನ್ನ ಸೊಸೆ ಮೊದ್ಲಿನಂಗೆ ಬಲಗೈಲಿ ಕಾಯಿ ತುರಿಯೋವರ್ಗೂ ನಾನು ಕಾಯಿ ಬಾಯಿಗಿಕ್ಕಲ್ಲ ತಾಯಿ, ಕೈ ನೆಟ್ಟಗಾದ ದಿನ ಈ ಮುಡುಪಿನ ಕಾಯಿನ ಅವಳ ಕೈಲೇ ಒಡೆಸ್ತೀನಿ ಅಂತ ಅಟ್ಟದ ಹಳೇ ಕಾಯಿ ಆರಿಸಿ ಕಟ್ಟಿದ್ಳು."

"ಕಾಯಿ ತಿನ್ನಲ್ಲ ಅಂತಲಾ?"

"ಹೂಂ ಕಣವ್ವ. ನಮ್ಮನೆ ನಾಮಕರಣದಲ್ಲಿ ಕಾಯಿ ಒಬ್ಬಟ್ಟು ಮಾಡಿದ್ವಿ, ಅವಳಿಗೆ ಜೀವ ಅದು. ಮೂಸಿ ನೋಡಿ ಎಲೇಲೆ ಬುಟ್ಟು ಎದ್ದೋದ್ಳು."

ನಾನು ಜಗುಲಿಯ ಮೇಲೆ ಕೂತೆ. ತಳ್ಳಿದ ತಟ್ಟೆ. ಚಟ್ನಿ, ಸಾರು, ಪಲ್ಯ. ಈ ತೆಂಗಿನ ಸೀಮೆಯಲ್ಲಿ ಕಾಯಿ ಬೀಳದ ಅಡುಗೆ ಯಾವುದಿದೆ? ಮುದ್ದೆ, ಉಪ್ಪು, ಮಜ್ಜಿಗೆ. ಶ್ರಾವಣದಿಂದ ಇಲ್ಲಿಯವರೆಗೆ, ದಸರೆ, ದೀಪಾವಳಿ ಎಲ್ಲ ದಾಟಿ, ಆ ಮುದುಕಿ ಮಜ್ಜಿಗೆಯಲ್ಲಿ ಮುದ್ದೆ ಅದ್ದಿಕೊಂಡು ನನ್ನ ಕೈಯನ್ನು ಕಾಯುತ್ತಿದ್ದರು. ಆ ತುರಿಯುವ ಮಣೆಯನ್ನು ನಾನೇ ಮೂಲೆಗೆ ಸೇರಿಸಿ ಮೇಲೆ ಚೀಲ ಮುಚ್ಚಿದ್ದೆ.

"ಆಸ್ಪತ್ರೆಗೆ ಯಾಕೆ ಬರ್ಲಿಲ್ಲ ಮತ್ತೆ?" ಎಂದೆ.

"ನಿಮ್ಮ ಮಾವ ತಿಮ್ಮಯ್ಯನ್ನ ಅವಳು ಆಸ್ಪತ್ರೇಲಿ ನೋಡಕ್ಕೆ ಹೋದ ದಿನಾನೇ ಅಲ್ವಾ ಅವ್ರು ತೀರ್ಕಂಡಿದ್ದು? ನಾನು ಹೋದ್ರೆ ಅವಳಿಗೂ ಏನಾದ್ರೂ ಆದೀತು ಅಂತ ಹೆದರ್ಕಂಡು ಮನೇಲ್ ಕೂತಿದ್ಳು. ಪೆದ್ದಿ."

ಸಿಂಚನ ಮೆಲ್ಲಗೆ ಕೇಳಿದಳು, "ಅಜ್ಜಿ, ನಾನು ದೇವ್ರ ಕೊಬ್ಬರಿ ತಿಂದ್ಬಿಟ್ಟೆ. ಏನಾಗ್ತದೆ?"

"ಏನೂ ಆಗಲ್ಲ ಬುಡು ಮಗಾ. ಮಕ್ಕಳು ತಿಂದ್ರೆ ಅಮ್ಮ ತಿಂದಂಗೇಯ. ಆದ್ರೆ ಮುಡುಪು ಕಟ್ಟಿದೋಳು ಅವಳು. ಏನ್ ಮಾಡ್ಬೇಕು ಅಂತ ಅವಳೇ ಹೇಳ್ಬೇಕು" ಎಂದು ಚಿಕ್ಕಗೌರಮ್ಮ ನನ್ನ ಕಡೆ ತಿರುಗಿದರು. "ಈ ಸಲ ಹಸೂಗ್ ಹೇಳ್ಬೇಡ ಕಣವ್ವ. ಅವಳಿಗೇ ಹೇಳು."

ಮನೆಗೆ ಓಡಿ ಬಂದೆವು. ಬಸ್ಸಿನ ಹೊತ್ತಾಗುತ್ತಿತ್ತು. ಹೆದರಿಕೆ ಒಂದು ಕಡೆ, ಇನ್ನೊಂದು ಕಡೆ ಎದೆಯೊಳಗೆ ಏನೋ ಗುದ್ದಾಡುವಷ್ಟು ಆಸೆ, ಬೇಗ ಬರಲಿ, ಬೇಗ ಬರಲಿ ಎಂದು. ಕೊನೆಯ ಮಡಿಕೆಯಲ್ಲಿ ಸಿಂಚನಳಿಂದ ಒಂದು ಕೈ ಬರೆಸಿದೆ. ಆ ಕೈಯ ಮಣಿಕಟ್ಟಿನ ಮೇಲೆ ನವಿಲುಬಣ್ಣದ ಮೂರು ಚೂರುಗಳನ್ನು ಬಳೆಯ ಹಾಗೆ ಸಾಲಾಗಿ ನಾನೇ ಅಂಟಿಸಿದೆ. ಅರಿಶಿನದ ಬಟ್ಟೆಯಿಂದಲೇ ಹಿಂದೆ ಪಟ್ಟಿ ಕೂರಿಸಿದೆ. ಬಚ್ಚಿಡುವುದೇನೂ ಬೇಡ, ಎಲ್ಲ ಎದುರಿಗೇ ಇರಲಿ ಎನ್ನಿಸಿತು. ಕುರುಂಬೆ ಹಾಕಿ ಮುಚ್ಚಿದೆವು.

ಬೈಕಿನ ಸದ್ದಾಯಿತು. ಅತ್ತೆ ಒಳಗೆ ಬಂದು ಕೈಕಾಲು ತೊಳೆದು, ಗೌರಿಯನ್ನು ಮಾತಾಡಿಸಿ, ನಡುಮನೆಯಲ್ಲಿ ಕೂತರು. ನನ್ನ ಗಂಡ, ಏನೋ ಆಗುವುದರಲ್ಲಿದೆ ಎಂದು ವಾಸನೆ ಹಿಡಿದು, ಬಾಗಿಲಲ್ಲೇ ನಿಂತರು. ಸಿಂಚನ ಎರಡೂ ಕೈಯಲ್ಲಿ ಕಾಯಿ ಹಿಡಿದು, "ಹ್ಯಾಪಿ ಬರ್ತ್‌ಡೇ ಅಜ್ಜಿ!" ಎಂದು ಮುಂದೆ ಚಾಚಿದಳು.

ಅತ್ತೆ ತೆಗೆದುಕೊಂಡರು. ಚಟ ಎಲ್ಲಿ ಹೋಗುತ್ತದೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲೊಟ ಲೊಟ.

"ಇದ್ರಲ್ಲಿ ಕೊಬ್ಬರಿ ಇಲ್ಲ. ಕುರುಂಬೆ ಐತೆ" ಎಂದರು.

"ಅಯ್ಯೋ!" ಎಂದು ಸಿಂಚನ ಕಾಲು ಅಪ್ಪಳಿಸಿದಳು. "ತೆಗೀರಿ ಅಜ್ಜಿ, ತೆಗೀರಿ!"

ಅತ್ತೆ ತೆರೆದರು. ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮೊದಲನೆಯದಕ್ಕೆ ಬೊಚ್ಚುಬಾಯಿ ಬಿಟ್ಟು ನಕ್ಕರು. ಗೌರಿಯನ್ನು ನೋಡಿ, "ಇವಳೇ ದಪ್ಪ ಅವಳೆ ನನಗಿಂತ" ಎಂದರು. ಮಗನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಕೊನೆಯ ಮಡಿಕೆಗೆ ಬಂದರು. ಕೈ. ಕೈಯ ಮೇಲೆ ಬಳೆ ಚೂರು.

ನಗು ನಿಂತಿತು. ಬೆರಳಿನಿಂದ ಆ ಚೂರುಗಳನ್ನು ಸವರಿದರು. ಆಮೇಲೆ ಕಾಯಿಯನ್ನು ತಿರುಗಿಸಿ ಹಿಂದಿನ ಅರಿಶಿನದ ಪಟ್ಟಿ ನೋಡಿದರು. ಬಣ್ಣವೇ ಹೋಯಿತು ಆ ಮುಖದಲ್ಲಿ.

"ಮುಡುಪು..." ಎಂದರು. ಸಿಂಚನಳಿಗೂ ಅಲ್ಲ, ಮಗನಿಗೂ ಅಲ್ಲ, ಯಾರಿಗೂ ಅಲ್ಲ.

ನಾನು ಮುಂದೆ ಬಂದು ಅವರ ಎದುರು ನೆಲದ ಮೇಲೆ ಕೂತೆ. "ನಾನೇ ಅತ್ತೆ, ಕುಯ್ದಿದ್ದು. ಮುಡುಪು ಅಂತ ಗೊತ್ತಿರ್ಲಿಲ್ಲ. ಮಗು ತಂತು, ನಾನು ಕುಯ್ದೆ. ಬೈರಿ, ಹೊಡೀರಿ, ಏನ್ ಬೇಕಾದ್ರೂ ಮಾಡ್ರಿ. ಮಾತು ಮಾತ್ರ ಆಡ್ರಿ."

ಅತ್ತೆ ನನ್ನನ್ನೇ ನೋಡಿದರು. ಎಷ್ಟೋ ತಿಂಗಳ ಮೇಲೆ ಹಸುವನ್ನು ಬಿಟ್ಟು ನನ್ನನ್ನೇ ನೋಡಿ, ನನ್ನನ್ನೇ ಕೇಳಿದರು.

"ಯಾವ ಕೈಲಿ ಕುಯ್ದೆ?"

ನನಗೆ ಅರ್ಥವಾಗಲಿಲ್ಲ. "ಹಾಂ?"

"ಯಾವ ಕೈಲಿ ಕುಯ್ದೆ ಅಂದೆ!"

ಎಡಗೈಯಲ್ಲಿ ಎನ್ನಲು ಹೊರಟೆ. ಎಲ್ಲ ಕೆಲಸ ಎಡಗೈಯದೇ ತಾನೇ. ಅಷ್ಟರಲ್ಲಿ ಸಿಂಚನ ನಡುವೆ ನುಗ್ಗಿದಳು. "ಬಲಗೈಲಿ ಅಜ್ಜಿ! ನಾನು ಈ ಪಕ್ಕದಲ್ಲೇ ಕೂತಿದ್ನಲ್ಲ, ಪುಡಿ ಎಲ್ಲ ನನ್ನ ಮೇಲೇ ಬಿತ್ತು. ಬಲಗೈಲೇ ಕುಯ್ದಿದ್ದು, ಪೂರ್ತಿ!"

ನಾನು ನನ್ನ ಬಲಗೈಯನ್ನು ನೋಡಿಕೊಂಡೆ. ಅಂಗೈಯಲ್ಲಿ ಬ್ಲೇಡಿನ ಹಿಡಿ ಒತ್ತಿದ ಕೆಂಪು ಬರೆ ಹಾಗೇ ಇತ್ತು. ಓರೆ ಕೆಲಸ ಕಂಡ ಸಿಟ್ಟಿನಲ್ಲಿ, ಕಾರ್ಡಿನ ಹುಚ್ಚಿನಲ್ಲಿ, ಆ ಕೈ ಮುರಿದಿತ್ತು ಎನ್ನುವುದನ್ನೇ ನಾನು ಮರೆತಿದ್ದೆ. ಒಂದು ಸ್ಕ್ರೂವೂ ಕಿತ್ತು ಬಂದಿರಲಿಲ್ಲ.

ಅತ್ತೆ ನನ್ನ ಕೈಯನ್ನು ಎಳೆದುಕೊಂಡು, ಆ ಕೆಂಪು ಬರೆಯನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಕಣ್ಣಿನಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ನಮ್ಮತ್ತೆಯದೇ. "ಅವಳ ಕೈಲಿ ಒಡೆಸ್ತೀನಿ ಅಂದಿದ್ದೆ ಅಮ್ಮನಿಗೆ. ಒಡೆಯಕ್ಕೆ ಬದ್ಲು ಕುಯ್ದವಳೆ. ಶುಕ್ರವಾರ ಹೋಗಿ ತಪ್ಪುಗಾಣ್ಕೆ ಹಾಕಿ ಇನ್ನೊಂದು ಒಡಿ. ಕೊಬ್ಬರಿ ಎಲ್ಲಿ?"

ಸಿಂಚನ ಕಡಿದು ಉಳಿದ ಉಂಡೆಯನ್ನು ತಂದುಕೊಟ್ಟಳು. ಅತ್ತೆ ಹಲ್ಲಿನ ಗುರುತನ್ನು ತಿರುಗಿಸಿ ನೋಡಿದರು. "ತುರಿಯೋ ಮಣೆ ತಾ ಹೋಗ್ಲಾ ಮೋಹನ" ಎಂದರು. ನನ್ನ ಗಂಡ ಮೂಲೆಯ ಚೀಲ ಕಿತ್ತೆಸೆದು, ಮಣೆಯ ಧೂಳು ತೊಳೆದು, ತಂದು ನನ್ನ ಮುಂದೆ ಇಟ್ಟರು. ಅಷ್ಟು ಚುರುಕಾಗಿ ಅವರು ಕೆಲಸ ಮಾಡಿದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಮಣೆಯ ಮೇಲೆ ಕೂತೆ. ಒಣ ಕೊಬ್ಬರಿ ಗಟ್ಟಿ. ಮೊದಲ ಸಲ ತಿರುಗಿಸಿದಾಗ ಮಣಿಕಟ್ಟಿನಲ್ಲಿ ಚಳಕ್ ಎಂದಿತು. ಹಲ್ಲು ಕಚ್ಚಿ ಇನ್ನೊಂದು ಸಲ ತಿರುಗಿಸಿದೆ. ಬಿಳಿ ತುರಿ ತಟ್ಟೆಗೆ ಉದುರಿತು. ಇನ್ನೊಂದು, ಮತ್ತೊಂದು. ಮನೆ ತುಂಬ ಆ ಸರ ಸರ ಸದ್ದು.

ಅತ್ತೆ ಕೈ ಚಾಚಿ ಒಂದು ಚಿಟಿಕೆ ತುರಿ ತೆಗೆದುಕೊಂಡು, ಅಮ್ಮನ ಗುಡಿಯ ದಿಕ್ಕಿಗೆ ಕಣ್ಣಿಗೊತ್ತಿಕೊಂಡು, ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಅಗಿಯುತ್ತಾ ಅಗಿಯುತ್ತಾ ಕೆನ್ನೆಯ ಮೇಲೆ ನೀರು ಇಳಿಯಿತು. ನಾನೂ ಅಳುತ್ತಿದ್ದೆ, ತುರಿಯುತ್ತಲೇ ಇದ್ದೆ.

"ಹೆಂಗೈತೆ ಅತ್ತೆ?" ಎಂದೆ.

"ಹೆಂಗಿರ್ತದೆ, ಕೊಬ್ಬರಿ ಇದ್ದಂಗೈತೆ. ನಾಳೆ ಚಟ್ನಿ ಮಾಡು. ಆ ಮಿಕ್ಸಿದು ಬ್ಯಾಡ, ಕಾಯಿ ತುರಿದು ಒರಳಲ್ಲಿ ರುಬ್ಬು" ಎಂದು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡರು.

ನಾನು ತುರಿಯುತ್ತಾ ಹೋದೆ, ಅವರು ತಿನ್ನುತ್ತಾ ಹೋದರು. ಉಂಡೆ ಮುಗಿಯುವ ಹೊತ್ತಿಗೆ ತಟ್ಟೆಯಲ್ಲಿ ತುರಿಯೂ ಇರಲಿಲ್ಲ.